ಲ್ಯಾಂಡ್‌ಲೈನ್ ಇಲ್ಲದ ಮನೆಗೆ ಇಂಟರ್ನೆಟ್



ಹಿಂದೆ ಬ್ರಾಡ್‌ಬ್ಯಾಂಡ್ ಬೇಕಾದರೆ ಮೊದಲು ಟೆಲಿಫೋನ್ ಹಾಕಿಸಬೇಕಿತ್ತು. ಅದರ ತಾಮ್ರದ ತಂತಿಯಲ್ಲೇ ಇಂಟರ್ನೆಟ್ ಬರುತ್ತಿತ್ತು. ಈಗ ಹಾಗಿಲ್ಲ. ಬಿ.ಎಸ್.ಎನ್.ಎಲ್., ಜಿಯೋ, ಏರ್‌ಟೆಲ್ ಮುಂತಾದವರು ಫೈಬರ್ ಕೇಬಲನ್ನೇ ಮನೆಗೆ ಎಳೆಯುತ್ತಾರೆ. ಕೇಬಲ್ ಬಾರದ ಕಡೆಗೆ 2023ರಿಂದ ಏರ್‌ಫೈಬರ್ ಉಂಟು. ಮಾಡಿನ ಮೇಲೆ ಒಂದು ಪೆಟ್ಟಿಗೆ ಕೂರಿಸಿ 5ಜಿ ಸಿಗ್ನಲ್ ಹಿಡಿಯುವುದು. ಸಿಗ್ನಲ್ಲೇ ಇಲ್ಲದ ಊರಿನಲ್ಲಿ ಅದು ದಂಡ.

ಜಾಹೀರಾತಿನ ದರ ನೋಡಿ ಮರುಳಾಗಬೇಡಿ. ತಿಂಗಳಿಗೆ 399 ರೂ. ಎಂದಿದ್ದರೆ 18% ಜಿ.ಎಸ್.ಟಿ. ಸೇರಿ ಸುಮಾರು 471 ರೂ., ವರ್ಷಕ್ಕೆ 5,650 ರೂ. ಸಂಘದಲ್ಲಿ ವಾರ ವಾರ ಉಳಿತಾಯ ಕಟ್ಟುವ ನಮಗೆ ಇದು ಸಣ್ಣ ಮೊತ್ತವಲ್ಲ. ಮಕ್ಕಳ ಪಾಠಕ್ಕೆ ಮಾತ್ರವಾದರೆ ಮೊಬೈಲಿನ ಹಾಟ್‌ಸ್ಪಾಟ್ ಸಾಕಲ್ಲವೇ ಎಂದು ಮೊದಲು ಮನೆಯಲ್ಲಿ ಮಾತಾಡಿ. ಜೋಡಣೆಗೆ ಎಷ್ಟು, ಮೋಡೆಮ್ ಯಾರದ್ದು, ಬಿಟ್ಟರೆ ಡೆಪಾಸಿಟ್ ವಾಪಸ್ ಸಿಗುತ್ತದಾ ಅಂತ ಕೇಳಿ, ರಶೀದಿ ಪಡೆಯಿರಿ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ಕಡಿಮೆ ಎಂದು ಏಜೆಂಟ್ ಹೇಳಿದರೂ ಮೊದಲು ಒಂದು ತಿಂಗಳು ನೋಡಿ.

ಕರೆಂಟ್ ಹೋದರೆ ಮೋಡೆಮ್ ಕೂಡ ಆರುತ್ತದೆ, ಹಳೇ ಲ್ಯಾಂಡ್‌ಲೈನ್ ಹಾಗಲ್ಲ.

ಎಲ್ಲಕ್ಕಿಂತ ಮುಖ್ಯ ನೆರೆಮನೆಯವರ ಮಾತು. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿದರೆ ಎಷ್ಟು ದಿನಕ್ಕೆ ಬಂದು ಸರಿಮಾಡುತ್ತಾರೆ? ಇದು ಕಂಪೆನಿಯ ಹೆಸರಿಗಿಂತ ಊರಿನ ಲೈನ್‌ಮ್ಯಾನ್ ಮೇಲೆ ನಿಂತಿದೆ. ಕೆಟ್ಟಾಗ ಕಂಪೆನಿಗೆ ಫೋನ್ ಮಾಡಿ ದೂರಿನ ನಂಬ್ರ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುವಾಗ ಆ ನಂಬ್ರ ಕೇಳುತ್ತಾರೆ.