ಆರತಿ ಏಳುವಾಗ ಕಣ್ಣು ಮುಚ್ಚಬೇಡ

ಮಗೂ, ಹೋದ ಶನಿವಾರ ನೀನು ಗುಡಿ ಬಾಗಿಲವರೆಗೆ ಬಂದು, ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟಿಕೊಂಡು ಹೊರಟುಹೋದೆಯಲ್ಲ, ಜಗಲಿ ಮೇಲೆ ಹೂ ಕಟ್ಟುತ್ತಾ ಕೂತಿದ್ದ ನಾನು ನೋಡಿದೆ. ಸಂಜೆ ಕೇಳಿದರೆ, "ನಾನು ಮಾಡೋ ಕೆಲಸಕ್ಕೆ ದೇವರ ಮುಂದೆ ನಿಲ್ಲೋ ಯೋಗ್ಯತೆ ಇಲ್ಲ ಅಜ್ಜಿ, ಮೊದಲು ಸರಿಹೋಗಿ ಆಮೇಲೆ ಬರ್ತೀನಿ" ಅಂದೆ. ದೊಡ್ಡ ಮಾತಾಡಿದೆ ಅಂತ ನಿನಗೆ ಅನ್ನಿಸಿರಬೇಕು. ಕೊಳೆಯೆಲ್ಲ ಹೋದ ಮೇಲೆ ಸ್ನಾನ ಮಾಡ್ತೀನಿ ಅಂದ ಹಾಗಿತ್ತು ಕಣೋ ಅದು.

ನಿನ್ನ ಫೋನಿನಲ್ಲಿ ಒಂದು ಪಟ್ಟಿ ಇದೆ, ನನಗೆ ಗೊತ್ತು. ದುಡ್ಡು ಕಟ್ಟಿ ಆಟ ಆಡಲ್ಲ, ಅಮ್ಮನ ಮೇಲೆ ರೇಗಲ್ಲ, ಸುಳ್ಳು ಹೇಳಲ್ಲ. ಯುಗಾದಿಗೆ ಒಂದು ಸಲ ಬರೆದೆ, ಗೌರಿ ಹಬ್ಬಕ್ಕೆ ಇನ್ನೊಂದು ಸಲ. ಒಂದೂ ವಾರ ದಾಟಲಿಲ್ಲ. ನಿನ್ನಲ್ಲಿ ಛಲ ಇಲ್ಲ ಅಂತ ನಾನು ಹೇಳುವುದಿಲ್ಲ, ಛಲಕ್ಕೇನೂ ಕಮ್ಮಿಯಿಲ್ಲ. ಆದರೆ ಬಿಡಬೇಕು, ಬಿಡಬೇಕು ಅಂತ ಹಗಲೂ ರಾತ್ರಿ ಅದನ್ನೇ ನೋಡುತ್ತಾ ಕೂತರೆ ಅದು ಮನೆ ಬಿಟ್ಟು ಹೋದೀತೆ? ಮಣೆ ಹಾಕಿ ಕೂರಿಸಿಕೊಂಡವನು ನೀನೇ.

ನನ್ನ ಕತೆ ಕೇಳು. ಇದನ್ನು ನಿಮ್ಮಪ್ಪನಿಗೂ ಪೂರ್ತಿ ಹೇಳಿಲ್ಲ. 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾಯಿತಲ್ಲ, ಆ ಹೊತ್ತಿಗೆ ನಮ್ಮ ಸೂಲಿಬೆಲೆ ಕಡೆಯ ಹೊಲಗಳಿಗೂ ಕಂಡರಿಯದ ಬೆಲೆ ಬಂತು. ಎಕರೆ ಲೆಕ್ಕದಲ್ಲಿ ರಾಗಿ ಬಿತ್ತುತ್ತಿದ್ದವರು ನೆಲವನ್ನು ಅಡಿ ಲೆಕ್ಕದಲ್ಲಿ ಅಳೆಯತೊಡಗಿದರು. ನಿಮ್ಮ ತಾತನೂ ಅವರ ತಮ್ಮನೂ ಪಾಲಾದರು. ಒಂದು ಬದುವಿನ ವಿಷಯಕ್ಕೆ ನಾನೂ ನನ್ನ ವಾರಗಿತ್ತಿಯೂ ಬೀದಿಯಲ್ಲಿ ನಿಂತು ಬಾಯಿ ಮಾಡಿದೆವು. ನಾನು ಹಿಡಿ ಮಣ್ಣು ತೂರಿ ಶಾಪ ಹಾಕಿದೆ, ಮಗೂ. ಅವಳ ಮಕ್ಕಳ ಹೆಸರು ಹಿಡಿದು. ಆ ಮಕ್ಕಳಿಗೆ ಎಣ್ಣೆ ನೀರು ಎರೆದು, ಕಾಲ ಮೇಲೆ ಹಾಕಿಕೊಂಡು ಬೆಳೆಸಿದವಳು ನಾನೇ. ನಡುವೆ ಒಂದೇ ಗೋಡೆ ಇದ್ದ ಮನೆಗಳು. ಆರು ವರ್ಷ ಮಾತಿಲ್ಲ.

ಅದು ಪಾಪ ಅಂತ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಶನಿವಾರ ಒಪ್ಪೊತ್ತು ಇದ್ದೆ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ಹೊತ್ತೆ. ಕಣ್ಣು ಮುಚ್ಚಿ, ಕೈ ಮುಗಿದು, "ಈ ಸಿಟ್ಟು ತೆಗೆಯಪ್ಪಾ" ಅಂತ ಬೇಡಿಕೊಂಡೆ. ಮುಚ್ಚಿದ ಕಣ್ಣೊಳಗೆ ಯಾರು ಕಾಣುತ್ತಿದ್ದರು ಹೇಳು? ಅದೇ ವಾರಗಿತ್ತಿ.

ಆಮೇಲೆ ಒಂದು ಧನುರ್ಮಾಸ. ದೇವನಹಳ್ಳಿ ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ಗುಡಿಗೆ ಹೋಗಿದ್ದೆ. ಇನ್ನೂ ಬೆಳಕು ಹರಿದಿರಲಿಲ್ಲ, ಕರೆಂಟೂ ಹೋಗಿತ್ತು. ನಾನು ಎಂದಿನಂತೆ ಕಣ್ಣು ಮುಚ್ಚಿದೆ. ಅರ್ಚಕರು, "ಕಣ್ಣು ಬಿಟ್ಟು ನೋಡಿ ತಾಯಿ, ಮುಚ್ಚೋದಕ್ಕೆ ಇಲ್ಲೀವರೆಗೂ ಬರಬೇಕೆ?" ಅಂದರು. ಆರತಿ ಕೆಳಗಿನಿಂದ ಮೆಲ್ಲಗೆ ಎದ್ದಿತು. ಮೊದಲು ಪಾದ, ಒಂದರ ಮುಂದೊಂದು ಓರೆಯಾಗಿ ಇಟ್ಟದ್ದು. ಆಮೇಲೆ ನಡು, ತುಳಸಿಮಾಲೆ. ಕೊಳಲ ಮೇಲೆ ಬೆರಳು. ಆಮೇಲೆ ಕೆನ್ನೆ. ದೀಪ ಅಲುಗಿದಾಗ ತುಟಿಯಂಚಿನಲ್ಲಿ ನಗು ಬಂದು ಹೋದ ಹಾಗಾಯಿತು. ಕೊನೆಗೆ ಕಣ್ಣು.

ಬೇಡಬೇಕು ಅಂತ ಕಟ್ಟಿಕೊಂಡು ಹೋಗಿದ್ದ ಗಂಟನ್ನು ಬಿಚ್ಚುವುದೇ ಮರೆತುಹೋಯಿತು. ಇಷ್ಟು ಚೆಲುವು ನಮ್ಮೂರ ಪಕ್ಕದಲ್ಲೇ ನಿಂತಿತ್ತಲ್ಲ, ನಾನು ಬದುವಿನ ಕಲ್ಲು ನೋಡಿಕೊಂಡು ಆರು ವರ್ಷ ಕಳೆದೆನಲ್ಲ ಅಂತ ಕಣ್ಣಲ್ಲಿ ನೀರು ಬಂತು.

ಅವತ್ತೇ ಸಿಟ್ಟು ಹೋಯಿತು ಅಂತ ನಿನಗೆ ಸುಳ್ಳು ಹೇಳಲಾರೆ. ಆ ತಿಂಗಳು ಆದಷ್ಟು ದಿನ ಮೊದಲ ಬಸ್ಸಿಗೆ ಹೋದೆ. ಸುಮ್ಮನೆ ನೋಡುವುದು, ಬರುವುದು. ಗುಡಿಯ ಹೊರಗೋಡೆ ತುಂಬ ರಾಮಾಯಣ, ಕೃಷ್ಣನ ಬಾಲಲೀಲೆ ಕೆತ್ತಿದ್ದಾರಲ್ಲ, ಒಂದೊಂದು ದಿನ ಅದರ ಮುಂದೂ ನಿಲ್ಲುತ್ತಿದ್ದೆ. ಒಂದು ಸಂಜೆ ಬಾಳೆನಾರಿನಲ್ಲಿ ಕನಕಾಂಬರ ಕಟ್ಟುತ್ತಿದ್ದೆ. ಒಂದು ಮೊಳ ಕತ್ತರಿಸಿ ಸ್ವಾಮಿಗೆ ಎತ್ತಿಟ್ಟೆ. ಇನ್ನೊಂದು ಮೊಳ ಕತ್ತರಿಸಿ ಗೋಡೆಯಾಚೆ ಕೈ ಚಾಚಿದೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಆಚೆಯಿಂದ ಒಂದು ಕೈ ಬಂದು ತಗೊಂಡಿತು, ಮಾತಿಲ್ಲದೆ. ಅವರೆಕಾಯಿ ಕಾಲ. ಮಾರನೇ ದಿನ ಗೋಡೆ ಮೇಲೆ ಒಂದು ಬಟ್ಟಲು ಹಿತಕಿದ ಬೇಳೆ ಸಾರು ಇತ್ತು. ಬಿಸಿ ಇತ್ತು.

ನೀನು ಚಿಕ್ಕವನಿದ್ದಾಗ ರೇಷ್ಮೆ ಹುಳದ ಮನೆಯಲ್ಲಿ ನನ್ನ ಬೆನ್ನಿಗೆ ಅಂಟಿಕೊಂಡೇ ಇರುತ್ತಿದ್ದೆ, ನೆನಪಿದೆಯಾ? ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು ಅನ್ನುತ್ತೆ. ಮಳೆ ಸುರಿದ ಹಾಗೆ ಮೇಯುವ ಸದ್ದು. ಅದನ್ನು ಹೊಡೆದು, ಬೈದು ಸೊಪ್ಪು ಬಿಡಿಸೋಕಾಗುತ್ತಾ? ಆದರೆ ಒಂದು ವಾರ ಕಳೆಯಲಿ, ಹುಳ ಹಣ್ಣಾಗುತ್ತೆ. ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುತ್ತೆ. ಎಳೆ ಸೊಪ್ಪು ಮುಂದಿದ್ದರೂ ಮೂಸುವುದಿಲ್ಲ, ತಲೆ ಮೇಲೆತ್ತಿ ಜಾಗ ಹುಡುಕುತ್ತೆ. ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ನೂರಾರು ಮೀಟರು ನೂಲು ಸುತ್ತುತ್ತೆ. ಅದು ಸೊಪ್ಪು ಬಿಟ್ಟಿತು ಅಂತ ನಾವು ಹೇಳುವುದಿಲ್ಲ, ಹಣ್ಣಾಯಿತು ಅನ್ನುತ್ತೇವೆ.

ಮನುಷ್ಯರೂ ಹಾಗೆಯೇ. ಶ್ರೀವೈಷ್ಣವರು ಧನುರ್ದಾಸನ ಕತೆ ಹೇಳುತ್ತಾರೆ. ಶ್ರೀರಂಗದ ಹತ್ತಿರ ಉರೈಯೂರಿನ ಜಟ್ಟಿ ಅವನು. ಹೆಂಡತಿ ಹೇಮಾಂಬೆಯ ಕಣ್ಣಿನ ಮೇಲೆ ಎಷ್ಟು ಮೋಹ ಅಂದರೆ, ಉತ್ಸವದ ಜನಜಂಗುಳಿಯಲ್ಲಿ ದೇವರ ಕಡೆ ಬೆನ್ನು ಮಾಡಿ, ಅವಳ ಕಣ್ಣಿಗೆ ಬಿಸಿಲು ತಾಗದ ಹಾಗೆ ಛತ್ರಿ ಹಿಡಿದು ನಡೆಯುತ್ತಿದ್ದ. ಊರೆಲ್ಲ ನಕ್ಕಿತು. ರಾಮಾನುಜಾಚಾರ್ಯರು ನಗಲಿಲ್ಲ, ಗದರಲೂ ಇಲ್ಲ. ಇದಕ್ಕಿಂತ ಚೆಲುವಾದ ಕಣ್ಣು ತೋರಿಸಿದರೆ ನೋಡುತ್ತೀಯಾ ಅಂತ ಕೇಳಿ, ಕರೆದುಕೊಂಡು ಹೋಗಿ ರಂಗನಾಥನ ಮುಂದೆ ನಿಲ್ಲಿಸಿದರು. ಅಷ್ಟೇ. ಹೆಂಡತಿಯನ್ನು ಬಿಡು ಅಂತ ಯಾರೂ ಹೇಳಲಿಲ್ಲ. ಇಬ್ಬರೂ ಆಚಾರ್ಯರ ಶಿಷ್ಯರಾದರು.

ಕತೆ ಅಲ್ಲಿಗೇ ಮುಗಿಯುವುದಿಲ್ಲ, ನನಗೆ ಇಷ್ಟವಾದ ಭಾಗ ಮುಂದಿದೆ. ಆಚಾರ್ಯರು ಉಳಿದ ಶಿಷ್ಯರಿಗೆ ಬುದ್ಧಿ ಕಲಿಸಲು, ರಾತ್ರಿ ಹೇಮಾಂಬೆಯ ಒಡವೆ ಬಿಚ್ಚಿಕೊಂಡು ಬನ್ನಿ ಅಂತ ಕಳಿಸುತ್ತಾರೆ. ಅವಳಿಗೆ ಎಚ್ಚರವಿತ್ತು. ಒಂದು ಮಗ್ಗುಲಿನದು ತೆಗೆದಾದ ಮೇಲೆ, ಇನ್ನೊಂದು ಮಗ್ಗುಲಿನದೂ ಸಿಗಲಿ ಅಂತ ಹೊರಳಿದಳು. ಅವರು ಹೆದರಿ ಓಡಿದರು. ಮನೆಗೆ ಬಂದ ಧನುರ್ದಾಸ ಹೆಂಡತಿಯ ಮೇಲೆ ಬೇಸರ ಮಾಡಿಕೊಂಡ. ಒಡವೆ ಹೋಯಿತು ಅಂತಲ್ಲ. ಹೊರಳಿದ್ದೇಕೆ, ಕೊಡುವವಳು ನಾನು ಅನ್ನುವ ಭಾವ ಬಂತಲ್ಲವೆ ಅಂತ. ಯಾರ ಕಣ್ಣಿಗೆ ಸೋತು ಬೀದಿಯಲ್ಲಿ ನಗೆಪಾಟಲಾಗಿದ್ದನೋ ಅದೇ ಜಟ್ಟಿ ಇವನು.

ನೀನು ಓದಿದವನು. ಗುಡಿಯಲ್ಲಿರುವುದು ಕಲ್ಲಲ್ಲವೆ ಅಂತ ನಿನ್ನ ನಾಲಿಗೆ ತುದಿಯಲ್ಲಿದೆ. ನಿನಗೆ ಕಲ್ಲು ಅಡ್ಡ ಬಂದರೆ ಅಕ್ಕಮಹಾದೇವಿಯನ್ನು ಕೇಳು. ರೂಪವೇ ಇಲ್ಲದ, ಸಾವು ಕೇಡು ಇಲ್ಲದ ಚೆಲುವನಿಗೆ ಒಲಿದೆ ಅಂದವಳು ಅವಳು. ಸಾವಿಲ್ಲದ ಆ ಚೆಲುವನ್ನು ಕಂಡವಳಿಗೆ ಕೌಶಿಕ ರಾಜನ ಅರಮನೆ ಎಲ್ಲಿ ಹಿಡಿಸೀತು? ನಮ್ಮ ಹಿರಿಯರೂ ದೇವರ ಹೆಸರಿಗೆ ಮೊದಲು ಅಂದವನ್ನೇ ಸೇರಿಸಿದರು, ನೋಡು. ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಕಟ್ಟಿಸಿದ ಗುಡಿಯವನು ನಮ್ಮ ಬಾಯಲ್ಲಿ ಚೆನ್ನಕೇಶವ. ಮೇಲುಕೋಟೆಯವನು ಚೆಲುವನಾರಾಯಣ, ವೈರಮುಡಿ ಉತ್ಸವದ ರಾತ್ರಿ ಅವನನ್ನು ಒಮ್ಮೆ ನೋಡಲು ಜನ ನಿದ್ದೆಗೆಟ್ಟು ನಿಂತಿರುತ್ತಾರೆ. ದಂಡಿಸುವವನು, ಲೆಕ್ಕ ಕೇಳುವವನು ಅಂತ ಹೆಸರಿಡಬಹುದಿತ್ತು. ಇಡಲಿಲ್ಲ.

ಈ ಶನಿವಾರ ಪಟ್ಟಿ ಬರೆಯಬೇಡ. ಹಿಂದಿನ ರಾತ್ರಿ ಏನು ಮಾಡಿದ್ದರೂ ಸರಿ, ಎದ್ದು, ಮುಖ ತೊಳೆದುಕೊಂಡು ಬಾ. ಮೊದಲ ಬಸ್ಸಿಗೆ ದೇವನಹಳ್ಳಿಗೆ ಹೋಗೋಣ. ಫೋನು ಜೇಬಿನಲ್ಲೇ ಇರಲಿ, ಫೋಟೋ ತೆಗೆಯುವುದೂ ಒಂದು ಥರ ಕಣ್ಣು ಮುಚ್ಚುವುದೇ. ಅದೇ ವಾರಗಿತ್ತಿ, ನಿನ್ನ ಚಿಕ್ಕಜ್ಜಿಯೂ ಬರುತ್ತಾಳೆ, ಹೂವೂ ಅವಳದೇ. ನೀನು ನಮ್ಮಿಬ್ಬರ ನಡುವೆ ನಿಲ್ಲು. ಆರತಿ ಪಾದದಿಂದ ಏಳುವಾಗ ನಿನಗೆ ಕಣ್ಣು ಮುಚ್ಚಿಬಂದರೆ, ಮೊಣಕೈಯಲ್ಲಿ ತಿವಿಯುವುದಕ್ಕೆ ಆ ಕಡೆ ಅವಳಿದ್ದಾಳೆ, ಈ ಕಡೆ ನಾನಿದ್ದೇನೆ.