ಸಾಲದ ಅರ್ಜಿಗಿಂತ ಮೊದಲು ನೆರವಿನ ಅರ್ಜಿ

ಹಿರಿಯ ವಕೀಲರ ಕೈಕೆಳಗೆ ಸೇರುವ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿತು. ಅದೂ ಶಿಫಾರಸು ಮಾತ್ರ. ಈಗ ಇನ್ನೊಂದು ಲೆಕ್ಕ ನೋಡಿ. 10 ಲಕ್ಷ ರೂಪಾಯಿ ಶಿಕ್ಷಣ ಸಾಲವನ್ನು ಶೇ 10ರ ಬಡ್ಡಿಯಲ್ಲಿ 10 ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 13,200 ರೂಪಾಯಿ. ಕಾನೂನು ಓದಿನ ಐದು ವರ್ಷದಲ್ಲಿ ಬೆಳೆದ ಬಡ್ಡಿ ಇದರ ಮೇಲೆ. ಇಷ್ಟು ಸಾಲ ಹೊತ್ತ ಹುಡುಗಿ ಊರಿನ ಕೋರ್ಟಿನಲ್ಲಿ ವಕಾಲತ್ತು ಶುರು ಮಾಡುವುದು ಹೇಗೆ? ಇಷ್ಟವಿರಲಿ ಬಿಡಲಿ, ದೊಡ್ಡ ಸಂಬಳದ ಕಾರ್ಪೊರೇಟ್ ಸಂಸ್ಥೆಯೇ ಅವಳಿಗೆ ಗತಿ. ಮುಂದೆ ಅವಳು ಯಾರ ಪರ ನಿಂತು ವಾದಿಸಬಲ್ಲಳು ಎಂಬುದು ಕಾಲೇಜು ಸೇರುವ ವರ್ಷವೇ ಬಹುಪಾಲು ತೀರ್ಮಾನವಾಗಿಬಿಡುತ್ತದೆ.

ತಿಪಟೂರು ಸೀಮೆಯಲ್ಲಿ ತೆಂಗಿನ ತೋಟ ನಂಬಿಕೊಂಡಿರುವ ನನ್ನ ಅಕ್ಕನ ಮಗಳಿಗೆ ಕಾನೂನು ಪದವಿಯ ಪ್ರವೇಶ ಪರೀಕ್ಷೆ ಕ್ಲಾಟ್ ಮೂಲಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಾಗ, ಮನೆಯವರು ಪಹಣಿ ಹಿಡಿದು ಬ್ಯಾಂಕಿಗೆ ಹೊರಟಿದ್ದರು. ಮೊದಲು ಕಾಲೇಜಿನ, ಸರ್ಕಾರದ ನೆರವು ಕೇಳೋಣ, ಉಳಿದಷ್ಟಕ್ಕೆ ಮಾತ್ರ ಸಾಲ ಮಾಡೋಣ ಎಂದೆ. ಭಾವನಿಗೆ ಅದು ಹಿಡಿಸಲಿಲ್ಲ. 'ಮನೆಯ ಕಷ್ಟ ಕಂಡವರ ಮುಂದೆ ಯಾಕೆ ಹೇಳಿಕೊಳ್ಳಬೇಕು' ಎನ್ನುವುದು ಅವರ ಮಾತು. ಬ್ಯಾಂಕಿನವರೂ ಅದೇ ಆದಾಯ, ಅದೇ ಜಮೀನಿನ ಕಾಗದ ಕೇಳುತ್ತಾರೆ, ಕೊಟ್ಟ ದುಡ್ಡಿಗೆ ಬಡ್ಡಿಯನ್ನೂ ಕೇಳುತ್ತಾರೆ ಎಂದ ಮೇಲೆ ಒಪ್ಪಿದರು. ಈ ಸಂಕೋಚ ಮರ್ಯಾದಸ್ಥರ ಮನೆಗಳಲ್ಲೇ ಹೆಚ್ಚು. ಅದಕ್ಕೆ ಬೆಲೆ ತೆರುವವರು ಮಾತ್ರ ಮಕ್ಕಳು.

ಅರ್ಜಿಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕೇ ಬೇಕು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ತುಂಬುವಾಗ ಕೇಳುವುದೂ ಅದರ ಆರ್‌ಡಿ ಸಂಖ್ಯೆಯನ್ನೇ. ಆಧಾರ್‌ನಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ತಾಳೆಯಾಗಬೇಕು, ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಹೆಸರು ಹೆಚ್ಚುಕಡಿಮೆಯಾದರೆ ಹಣ ನಿಲ್ಲಬಹುದು.

ಆದರೆ ಪ್ರಮಾಣಪತ್ರದಲ್ಲಿರುವುದು ಒಂದೇ ಒಂದು ಅಂಕಿ. ರೈತನ ಮನೆಯ ಏರಿಳಿತ ಅದರಲ್ಲಿ ಕಾಣುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಕಾಲೇಜಿನ ನೆರವಿನ ಅರ್ಜಿಯಲ್ಲಿ ಕುಟುಂಬದ ಸ್ಥಿತಿ ವಿವರಿಸಲು ಜಾಗವಿತ್ತು. 'ನಾವು ಬಡವರು, ದಯವಿಟ್ಟು ಸಹಾಯ ಮಾಡಿ' ಎಂದು ಅಲ್ಲಿ ಬರೆಯಲಿಲ್ಲ. ಕೊಬ್ಬರಿ ಮಾರಿದ ರಸೀದಿ, ಸಹಕಾರ ಸಂಘದ ಬೆಳೆ ಸಾಲದ ಬಾಕಿ, ಅಜ್ಜಿಯ ಔಷಧಿ ಖರ್ಚು, ತಮ್ಮನ ಪಿಯು ಫೀಸು, ಎಲ್ಲವನ್ನೂ ರೂಪಾಯಿ ಲೆಕ್ಕದಲ್ಲಿ ಇಟ್ಟೆವು. ವರ್ಷಕ್ಕೆ ನಾವು ಎಷ್ಟು ಕೊಡಬಲ್ಲೆವು, ಎಷ್ಟು ಕೊರತೆ ಬೀಳುತ್ತದೆ ಎಂದು ಕೊನೆಗೆ ಬರೆದೆವು. ಅರ್ಜಿ ನೋಡುವವರಿಗೆ ಬೇಕಾದದ್ದು ಈ ಕೊರತೆಯ ಅಂಕಿ. ಬೋಧನಾ ಶುಲ್ಕದಲ್ಲಿ ಒಂದು ಪಾಲು ಮನ್ನಾ ಆಯಿತು.

ನೆರವಿಗೆ ಬೇರೆ ಬಾಗಿಲುಗಳೂ ಇವೆ. ಕುಟುಂಬದ ಆದಾಯ 8 ಲಕ್ಷದೊಳಗಿರುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಟಾಪ್ ಕ್ಲಾಸ್ ವಿದ್ಯಾರ್ಥಿವೇತನವಿದೆ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅನ್ವಯ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಓದಿದ ಶಮ್ನಾದ್ ಬಷೀರ್ 2010ರಲ್ಲಿ ಕಟ್ಟಿದ 'ಇಡಿಯಾ' ಸಂಸ್ಥೆ, ಅವಕಾಶವಂಚಿತ ಮಕ್ಕಳಿಗೆ ಕ್ಲಾಟ್ ತರಬೇತಿ ಕೊಟ್ಟು ಕಾಲೇಜು ಸೇರಿದ ಮೇಲೂ ಬೆನ್ನಿಗೆ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಮಯ. ಮೊದಲ ಕಂತು ಕಟ್ಟುವ ದಿನ ಮೊದಲು ಬರುತ್ತದೆ, ನೆರವಿನ ಆದೇಶ ಆಮೇಲೆ, ವಿದ್ಯಾರ್ಥಿವೇತನ ಇನ್ನೂ ತಡವಾಗಿ. ಕಂತು ಮುಂದೂಡಿ ಎಂದು ಕಾಲೇಜಿಗೆ ಮೊದಲೇ ಬರೆದು ಕೇಳಬೇಕು. ಹಾಸ್ಟೆಲ್ ಸಾಮಾನು, ಲ್ಯಾಪ್‌ಟಾಪ್, ಇಂಟರ್ನ್‌ಶಿಪ್‌ಗಾಗಿ ಬೇರೆ ಊರಲ್ಲಿ ಇರುವ ಖರ್ಚು ಬಹಳಷ್ಟು ನೆರವಿನ ಲೆಕ್ಕಕ್ಕೆ ಸೇರುವುದೇ ಇಲ್ಲ. ನಾವು ಇದಕ್ಕೆಂದೇ ಒಂದು ಬೆಳೆಯ ಹಣವನ್ನು ಬೇರೆ ಖಾತೆಯಲ್ಲಿಟ್ಟೆವು.

ಉಳಿದ ಕೊರತೆಗೆ ಸಾಲ ಮಾಡಲೇಬೇಕಾದರೂ ಅಲ್ಲಿ ರಿಯಾಯಿತಿ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳು ಅಡಮಾನ, ಜಾಮೀನು ಇಲ್ಲದೆ ಸಾಲ ಪಡೆಯಬಹುದು. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದ, 8 ಲಕ್ಷದೊಳಗಿನ ಆದಾಯದ ಕುಟುಂಬದವರು 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗಿನ ಅವಧಿಯ ಬಡ್ಡಿ ದರದಲ್ಲಿ ಶೇ 3ರಷ್ಟು ರಿಯಾಯಿತಿ ಕೇಳಬಹುದು. ಹಾಗಾಗಿ ಯಾವುದನ್ನು ಬಿಟ್ಟು ಯಾವುದನ್ನು ಪಡೆಯುವುದು ಲಾಭ ಎಂದು ಮೊದಲೇ ಕೂಡಿ ಕಳೆದು ನೋಡಿ.

ಕ್ಲಾಟ್ ಪರೀಕ್ಷೆ ಡಿಸೆಂಬರ್‌ನಲ್ಲಿ. ನಿಮ್ಮ ಮನೆಯ ಮಗು ಅದಕ್ಕೆ ಓದುತ್ತಿದ್ದರೆ ಫಲಿತಾಂಶಕ್ಕೆ ಕಾಯಬೇಡಿ. ಆದಾಯ ಪತ್ರ, ರಸೀದಿ, ಕೊರತೆಯ ಲೆಕ್ಕ ಈಗಲೇ ಒಂದು ಕಡತಕ್ಕೆ ಸೇರಲಿ. ಊರಿನ ಕೋರ್ಟಿನಲ್ಲಿ ಬಡವರ ಪರ ನಿಲ್ಲಲು ಬಡವರ ಮನೆಯ ಮಕ್ಕಳೇ ಬರಬೇಕೆಂದರೆ, ಅವರು ಸಾಲವಿಲ್ಲದೆ, ಇಲ್ಲವೇ ಹೊರಬಲ್ಲಷ್ಟೇ ಸಾಲದಲ್ಲಿ ಓದು ಮುಗಿಸಬೇಕು. ಅದಕ್ಕಾಗಿ ನೆರವು ಕೇಳುವುದರಲ್ಲಿ ತಲೆತಗ್ಗಿಸುವಂಥದ್ದು ಏನೂ ಇಲ್ಲ.