ರೊಟ್ಟಿ ಮುರಿದ ತಾತ

ಆದೋನಿಯ ಹತ್ತಿರ ಒಂದು ಹಳ್ಳಿ. ಆ ಹಳ್ಳಿಯಲ್ಲಿ ಒಬ್ಬ ತಾತ ಇದ್ದರು. ಅವರು ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಐದನೆಯ ತರಗತಿಯಲ್ಲಿ ಓದುವ ಒಬ್ಬ ಮೊಮ್ಮಗಳಿದ್ದಳು. ರಾತ್ರಿ ಇಬ್ಬರೂ ಜೊತೆಗೆ ಕುಳಿತು ಊಟ ಮಾಡುತ್ತಿದ್ದರು. ತಾತ ಜೋಳದ ರೊಟ್ಟಿ ಮುರಿದು ಮೊದಲ ತುತ್ತನ್ನು ಮೊಮ್ಮಗಳಿಗೆ ಕೊಡುತ್ತಿದ್ದರು. ಆಮೇಲೆ ತಾವು ತಿನ್ನುತ್ತಿದ್ದರು.

ಒಂದು ದಿನ ಬೆಳಿಗ್ಗೆ ತಾತನ ಕೈಯಿಂದ ಚಹಾದ ಲೋಟ ಜಾರಿ ಬಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಬಲಗೈ ಮೇಲೇಳಲಿಲ್ಲ. ಮಾತು ತೊದಲಿತು. "ಲಕ್ವ ಹೊಡೆದಿದೆ, ನಾಟಿ ಮದ್ದು ಕೊಡಿಸಿರಿ" ಎಂದು ನೆರೆಯವರು ಹೇಳಿದರು. ಆದರೆ ಮೊಮ್ಮಗಳ ತಂದೆ ಹೊತ್ತು ಕಳೆಯಲಿಲ್ಲ. 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬಂದಿತು. ತಾತನನ್ನು ಆಸ್ಪತ್ರೆಗೆ ಸೇರಿಸಿದರು.

ವೈದ್ಯರು ಹೀಗೆ ವಿವರಿಸಿದರು: "ಇದಕ್ಕೆ ಪಾರ್ಶ್ವವಾಯು ಎನ್ನುತ್ತಾರೆ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಥವಾ ರಕ್ತನಾಳ ಒಡೆದರೆ ಹೀಗಾಗುತ್ತದೆ. ಮೆದುಳಿನ ಎಡಭಾಗವು ದೇಹದ ಬಲಭಾಗವನ್ನು ನಡೆಸುತ್ತದೆ. ಇವರಿಗೆ ಮೆದುಳಿನ ಎಡಭಾಗದಲ್ಲಿ ಪೆಟ್ಟಾಗಿದೆ. ಆದ್ದರಿಂದ ಬಲಗೈ, ಬಲಗಾಲು ಸೋತಿವೆ. ಬೇಗನೆ ಕರೆತಂದದ್ದು ಒಳ್ಳೆಯದಾಯಿತು. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ."

ತಾತನ ಪ್ರಾಣ ಉಳಿಯಿತು. ಆದರೆ ಬಲಗೈಯಲ್ಲಿ ಶಕ್ತಿ ಇರಲಿಲ್ಲ. ಮೊಮ್ಮಗಳು ಶಾಲೆ ಬಿಟ್ಟ ಮೇಲೆ ತಾಯಿಯೊಡನೆ ಆಸ್ಪತ್ರೆಗೆ ಬರುತ್ತಿದ್ದಳು. ರೊಟ್ಟಿಯನ್ನು ಚೂರು ಮಾಡಿ, ಪಲ್ಯದಲ್ಲಿ ಅದ್ದಿ ತಾತನ ಬಾಯಿಗೆ ಇಡುತ್ತಿದ್ದಳು. ಬಾಯಿ ಒರೆಸುತ್ತಿದ್ದಳು. ಎಲ್ಲರೂ ಅವಳನ್ನು ಹೊಗಳಿದರು.

ಕೆಲವು ದಿನಗಳ ನಂತರ ಫಿಸಿಯೋಥೆರಪಿಸ್ಟರು ಬಂದು ತಾತನನ್ನು ಪರೀಕ್ಷಿಸಿದರು. ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ ಎಂದು ಬರೆದರು. ಅದರಂತೆ ವ್ಯಾಯಾಮ ಮಾಡಿಸಲು ಅವರ ಸಹಾಯಕಿಯೊಬ್ಬರು ದಿನವೂ ಬರತೊಡಗಿದರು. ಮೊಮ್ಮಗಳು ಅವರನ್ನು ಅಕ್ಕ ಎಂದು ಕರೆಯುತ್ತಿದ್ದಳು.

ಒಂದು ಸಂಜೆ ಮೊಮ್ಮಗಳು ತುತ್ತು ಇಡಲು ಹೊರಟಾಗ ಅಕ್ಕ ತಡೆದರು. "ಇವತ್ತು ನೀನು ತಿನ್ನಿಸಬೇಡ ಪಾಪ. ತಾತನೇ ತಿನ್ನಲಿ" ಎಂದರು.

ತಾತ ಕೈ ಚಾಚಿದರು. ಬೆರಳುಗಳು ನಡುಗಿದವು. ರೊಟ್ಟಿಯ ಚೂರು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಮೊಮ್ಮಗಳ ಕಣ್ಣಲ್ಲಿ ನೀರು ತುಂಬಿತು.

"ಅಕ್ಕಾ, ತಾತನಿಗೆ ಆಗುವುದಿಲ್ಲ. ನಾನೇ ತಿನ್ನಿಸಿದರೆ ಏನು ತಪ್ಪು?" ಎಂದು ಕೇಳಿದಳು.

ಅಕ್ಕ ಅವಳನ್ನು ಹತ್ತಿರ ಕೂರಿಸಿಕೊಂಡರು. "ತಪ್ಪಲ್ಲ, ಅದು ಪ್ರೀತಿ. ಆದರೆ ಒಂದು ಮಾತು ಕೇಳು. ಹೊಲದ ಹಳೆಯ ದಾರಿ ಮಳೆಗೆ ಕೊಚ್ಚಿಹೋದರೆ ಜನ ಏನು ಮಾಡುತ್ತಾರೆ? ಪಕ್ಕದಲ್ಲಿ ನಡೆಯುತ್ತಾರೆ. ನಡೆದು ನಡೆದು ಹೊಸ ಕಾಲುದಾರಿ ಬೀಳುತ್ತದೆ. ಮೆದುಳೂ ಹಾಗೆಯೇ. ತಾತ ಒಂದೇ ಕೆಲಸವನ್ನು ನೂರಾರು ಸಲ ತಾವೇ ಮಾಡಿದರೆ ಮೆದುಳು ಹೊಸ ದಾರಿ ಮಾಡಿಕೊಳ್ಳುತ್ತದೆ. ಎಲ್ಲವನ್ನೂ ನೀನೇ ಮಾಡಿಬಿಟ್ಟರೆ ಆ ದಾರಿಯಲ್ಲಿ ನಡೆಯುವವರು ಯಾರು?"

ಅಷ್ಟರಲ್ಲಿ ತಂದೆ ಬಂದು, ತಾತನ ಬಲಗೈ ಹಿಡಿದು ಎಬ್ಬಿಸಲು ಹೋದರು. ಅಕ್ಕ ಕೂಡಲೆ, "ಅಣ್ಣಾ, ಕೈ ಹಿಡಿದು ಎಳೆಯಬೇಡಿ. ಸೋತ ಕೈಯನ್ನು ಎಳೆದರೆ ಭುಜದ ಕೀಲು ಸಡಿಲವಾಗುತ್ತದೆ" ಎಂದರು. ಅವರು ತಾತನ ಬಲಗಡೆಗೆ ನಿಂತರು. ತಮ್ಮ ಮೊಣಕಾಲನ್ನು ಸ್ವಲ್ಪ ಬಗ್ಗಿಸಿದರು. ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಹಿಡಿದು, "ತಾತಾ, ಮುಂದಕ್ಕೆ ಬಾಗಿರಿ, ಈಗ ಏಳಿರಿ" ಎಂದರು. ತಾತ ಎದ್ದು ನಿಂತರು!

"ಅಕ್ಕಾ, ಇದನ್ನೆಲ್ಲಾ ನೀವು ಎಲ್ಲಿ ಕಲಿತಿರಿ?" ಎಂದು ಮೊಮ್ಮಗಳು ಕೇಳಿದಳು.

ಅಕ್ಕ ಹೇಳಿದರು: "ನಾನೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದೆ. ನಮ್ಮ ಆಂಧ್ರಪ್ರದೇಶದ ಇಂಟರ್‌ಮೀಡಿಯಟ್ ವೃತ್ತಿಶಿಕ್ಷಣದಲ್ಲಿ ಫಿಸಿಯೋಥೆರಪಿ ಎಂಬ ಪಾಠಕ್ರಮವಿದೆ. ಅದಕ್ಕೆ ಸೇರಿದೆ. ಮೊದಲು ದೇಹದ ರಚನೆಯನ್ನು ಕಲಿತೆವು. ದೊಡ್ಡವರ ದೇಹದಲ್ಲಿ 206 ಮೂಳೆಗಳಿವೆ. ಯಾವ ಮೂಳೆಗೆ ಯಾವ ಸ್ನಾಯು ಅಂಟಿದೆ, ಯಾವ ಕೀಲು ಎಷ್ಟು ಬಾಗುತ್ತದೆ ಎಂದು ತಿಳಿದುಕೊಂಡೆವು. ನೀನು ಲೆಕ್ಕದ ಪಾಠದಲ್ಲಿ ಕೋನಮಾಪಕ ನೋಡಿದ್ದೀಯಲ್ಲ? ಅಂಥದೇ ಒಂದು ಅಳತೆಗೋಲಿನಿಂದ ಮೊಣಕಾಲು, ಮೊಣಕೈ ಎಷ್ಟು ಡಿಗ್ರಿ ಬಾಗುತ್ತವೆ ಎಂದು ಅಳೆಯುತ್ತೇವೆ.

"ಆಮೇಲೆ ಕೈಯಿಂದ ಮಾಡಿ ಕಲಿತೆವು. ಒಬ್ಬರು ರೋಗಿಯಾಗುತ್ತಿದ್ದೆವು, ಇನ್ನೊಬ್ಬರು ಸಹಾಯಕರಾಗುತ್ತಿದ್ದೆವು. ಗಾಲಿ ಕುರ್ಚಿಗೆ ಕೂರಿಸುವ ಮೊದಲು ಬ್ರೇಕು ಹಾಕಬೇಕು. ಊರುಗೋಲು ಅವರವರ ಎತ್ತರಕ್ಕೆ ಸರಿಯಾಗಿರಬೇಕು. ಒಬ್ಬರನ್ನು ಮುಟ್ಟುವ ಮೊದಲು ಕೈ ತೊಳೆಯಬೇಕು, 'ಮುಟ್ಟಲೇ?' ಎಂದು ಕೇಳಬೇಕು. ಒಂದು ದಿನ ನಾವೆಲ್ಲ ಬಲಗೈಯನ್ನು ಕಟ್ಟಿಕೊಂಡು ಊಟ ಮಾಡಿದೆವು. ಆಗ ನನಗೆ ರೋಗಿಯ ಕಷ್ಟ ತಿಳಿಯಿತು.

"ಎಲ್ಲಕ್ಕಿಂತ ದೊಡ್ಡ ಪಾಠ ಯಾವುದು ಗೊತ್ತೇ? ಎಲ್ಲಿ ನಿಲ್ಲಿಸಬೇಕು ಎಂಬುದು. ತಲೆ ತಿರುಗಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ವ್ಯಾಯಾಮ ನಿಲ್ಲಿಸಿ ಕೂಡಲೆ ಹೇಳಬೇಕು. ರೋಗ ಯಾವುದು ಎಂದು ಹೇಳುವುದು ವೈದ್ಯರ ಕೆಲಸ. ಯಾವ ವ್ಯಾಯಾಮ ಎಂದು ಗೊತ್ತುಮಾಡುವುದು ಫಿಸಿಯೋಥೆರಪಿಸ್ಟರ ಕೆಲಸ. ಅವರು ಇಂಟರ್‌ಮೀಡಿಯಟ್ ಮುಗಿಸಿ ನಾಲ್ಕು ವರ್ಷಕ್ಕೂ ಹೆಚ್ಚು ಓದಿರುತ್ತಾರೆ. ಅವರು ಬರೆದಂತೆ ಮಾಡಿಸುವುದು, ನೋಡಿದ್ದನ್ನು ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ನನ್ನ ಇಷ್ಟದಂತೆ ಬದಲಾಯಿಸಬಾರದು."

"ಹಾಗಾದರೆ ನಿಮಗೆ ಕನ್ನಡದಿಂದ ಏನು ಉಪಯೋಗವಾಯಿತು?" ಎಂದು ಮೊಮ್ಮಗಳು ಕೇಳಿದಳು.

ಅಕ್ಕ ನಕ್ಕರು. "ಬಹಳ ಉಪಯೋಗವಾಯಿತು. ಆಸ್ಪತ್ರೆಗೆ ತೆಲುಗಿನವರು, ಉರ್ದುವಿನವರು ಬರುತ್ತಾರೆ. ಹೊಳಗುಂದ, ಕೌತಾಳಂ, ಹಾಲಹರ್ವಿ ಕಡೆಯಿಂದ ಕನ್ನಡದವರು ಬರುತ್ತಾರೆ. ನೋವನ್ನು ಎಲ್ಲರೂ ತಮ್ಮ ಮಾತಿನಲ್ಲಿಯೇ ಹೇಳುತ್ತಾರೆ. 'ಜುಮ್ಮೆನ್ನುತ್ತದೆ' ಎಂದರೆ ಒಂದು, 'ಚುಚ್ಚುತ್ತದೆ' ಎಂದರೆ ಇನ್ನೊಂದು, 'ಮರಗಟ್ಟಿದೆ' ಎಂದರೆ ಮತ್ತೊಂದು. ಇದು ತಿಳಿಯದಿದ್ದರೆ ತಪ್ಪಾಗುತ್ತದೆ. ಅದಕ್ಕೇ ಮೂರು ಭಾಷೆಯಲ್ಲಿಯೂ ಎಣಿಸುವುದನ್ನು, ಕೇಳುವುದನ್ನು ಕಲಿತೆ."

ಅಕ್ಕ ಇನ್ನೊಂದು ಸಂಗತಿಯನ್ನೂ ಹೇಳಿದರು. "ಈ ಪಾಠ ಕಲಿಯುವಾಗ ನಮಗೆ ಧೈರ್ಯ ತುಂಬಿದವರು ಡಾಕ್ಟರ್ ಮೇರಿ ವರ್ಗೀಸ್. ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯೆಯಾಗಿದ್ದರು. 1954ರಲ್ಲಿ ಅಪಘಾತವಾಗಿ ಅವರ ಕಾಲುಗಳ ಶಕ್ತಿ ಹೋಯಿತು. ಅವರು ಸುಮ್ಮನೆ ಕೂರಲಿಲ್ಲ. ಗಾಲಿ ಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಹೆಚ್ಚಿನ ವಿದ್ಯೆ ಕಲಿತು ಬಂದರು. ಕೈಕಾಲು ಸೋತವರು ಮತ್ತೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವ ಕೇಂದ್ರವೊಂದು 1966ರಲ್ಲಿ ವೆಲ್ಲೂರಿನಲ್ಲಿ ಆರಂಭವಾಗಲು ಕಾರಣರಾದರು. ಭಾರತ ಸರ್ಕಾರವು 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು."

ಅಂದಿನಿಂದ ಮೊಮ್ಮಗಳು ತಾತನಿಗೆ ತಿನ್ನಿಸಲಿಲ್ಲ. ಪಕ್ಕದಲ್ಲಿ ಕುಳಿತು ಎಣಿಸಿದಳು. ಮನೆಗೆ ಬಂದ ಮೇಲೂ ಬಿಡಲಿಲ್ಲ. "ಒಂದು, ಎರಡು, ಮೂರು..." ಎಂದು ಅವಳು ಎಣಿಸಿದಂತೆ ತಾತ ಬೆರಳು ಮಡಚಿ ಬಿಡಿಸುತ್ತಿದ್ದರು. ಮಾಡಿದ ಲೆಕ್ಕವನ್ನು ಅವಳು ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಳು. ಕೆಲವು ದಿನ ತಾತನಿಗೆ ಕೋಪ ಬರುತ್ತಿತ್ತು. ಕೆಲವು ದಿನ ಅಳು ಬರುತ್ತಿತ್ತು. ಆಗ ಮೊಮ್ಮಗಳು ಸುಮ್ಮನೆ ಕಾಯುತ್ತಿದ್ದಳು. ಕಾಯುವುದೂ ಸಹಾಯವೇ ಎಂದು ಅವಳಿಗೆ ಈಗ ತಿಳಿದಿತ್ತು.

ತಿಂಗಳುಗಳು ಕಳೆದವು. ತಾತ ಮತ್ತೆ ಹತ್ತಿಯ ಮೂಟೆ ಹೊರಲಾರರು. ಆದರೆ ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾರೆ. ಒಂದು ರಾತ್ರಿ ಅವರು ಎಡಗೈಯಿಂದ ರೊಟ್ಟಿಯನ್ನು ಒತ್ತಿ ಹಿಡಿದರು. ಬಲಗೈಯಿಂದ ನಿಧಾನವಾಗಿ ಮುರಿದರು. ಆ ತುತ್ತನ್ನು ತಾವು ತಿನ್ನಲಿಲ್ಲ. ಮೊಮ್ಮಗಳ ಕಡೆಗೆ ಚಾಚಿದರು.

ಮಕ್ಕಳೇ, ನಿಮ್ಮ ಜೊತೆ ಓದುವವರಲ್ಲಿ ಕೈಕಾಲು ಸೋತವರು ಇರಬಹುದು. ಅಂಥ ಮಕ್ಕಳಿಗಾಗಿ ಮಂಡಲಗಳಲ್ಲಿ 'ಭವಿತ' ಕೇಂದ್ರಗಳಿವೆ. ಅಲ್ಲಿ ಫಿಸಿಯೋಥೆರಪಿಯ ಸಹಾಯವೂ ದೊರೆಯುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ 8ರಂದು ವಿಶ್ವ ಫಿಸಿಯೋಥೆರಪಿ ದಿನವನ್ನು ಆಚರಿಸುತ್ತಾರೆ. ನಿಮ್ಮಲ್ಲಿಯೂ ಕೆಲವರು ಮುಂದೆ ಈ ವಿದ್ಯೆ ಕಲಿತು ನಮ್ಮ ಊರುಗಳ ಜನರಿಗೆ ನೆರವಾಗಬಹುದು.

ಪದಗಳ ಅರ್ಥ

ಲಕ್ವ = ಪಾರ್ಶ್ವವಾಯು, ದೇಹದ ಒಂದು ಭಾಗ ಸೋಲುವ ಕಾಯಿಲೆ
ಹಮಾಲಿ = ಮೂಟೆ ಹೊರುವವನು
ಕೀಲು = ಮೂಳೆಗಳು ಕೂಡುವ ಜಾಗ
ಮರಗಟ್ಟು = ಸ್ಪರ್ಶ ತಿಳಿಯದಂತಾಗು

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
1. ತಾತನಿಗೆ ಲಕ್ವ ಹೊಡೆದಾಗ ಯಾವ ಗುರುತುಗಳು ಕಂಡವು?
2. ತುತ್ತು ತಿನ್ನಿಸಬೇಡ ಎಂದು ಅಕ್ಕ ಏಕೆ ಹೇಳಿದರು?
3. ವೈದ್ಯರು, ಫಿಸಿಯೋಥೆರಪಿಸ್ಟರು, ಸಹಾಯಕಿ ಇವರ ಕೆಲಸಗಳಲ್ಲಿರುವ ವ್ಯತ್ಯಾಸವೇನು?
4. ಡಾಕ್ಟರ್ ಮೇರಿ ವರ್ಗೀಸ್ ಅವರಿಂದ ನೀವು ಏನು ಕಲಿತಿರಿ?

ಆ. ಬಿಟ್ಟ ಸ್ಥಳಗಳನ್ನು ತುಂಬಿರಿ.
1. ದೊಡ್ಡವರ ದೇಹದಲ್ಲಿ ........ ಮೂಳೆಗಳಿವೆ.
2. ಮೆದುಳಿನ ಎಡಭಾಗವು ದೇಹದ ........ ಭಾಗವನ್ನು ನಡೆಸುತ್ತದೆ.
3. ಗಾಲಿ ಕುರ್ಚಿಗೆ ಕೂರಿಸುವ ಮೊದಲು ........ ಹಾಕಬೇಕು.

ಇ. ಮಾಡಿ ನೋಡಿರಿ.
ನಿಮ್ಮ ಬಲಗೈಯನ್ನು ಬಳಸದೆ ಎಡಗೈಯಿಂದಲೇ ನಿಮ್ಮ ಹೆಸರು ಬರೆಯಿರಿ. ದಿನಕ್ಕೆ ಹತ್ತು ಸಲ, ಹತ್ತು ದಿನ ಬರೆಯಿರಿ. ಮೊದಲ ದಿನದ ಮತ್ತು ಹತ್ತನೆಯ ದಿನದ ಬರಹವನ್ನು ಹೋಲಿಸಿ, ಕಂಡದ್ದನ್ನು ತರಗತಿಯಲ್ಲಿ ಹೇಳಿರಿ.